ವಠಾರದ ಬಾಗಿಲಲ್ಲಿ ನಿಂತ ಆಟಗಾರ

ಬೇಸಿಗೆ ರಜೆ. ಬೆಂಗಳೂರಿನ ಆರ್.ಟಿ. ನಗರದ ಒಂದು ಮನೆಯಲ್ಲಿ ಹೈಸ್ಕೂಲು ಹುಡುಗನೊಬ್ಬ ಅಪ್ಪನ ಹಳೆಯ ಕಂಪ್ಯೂಟರಿನಲ್ಲಿ ‘ಮೈನ್‌ಕ್ರಾಫ್ಟ್’ ಆಟದ ಸರ್ವರ್ ಹೂಡಿದ್ದಾನೆ ಎಂದಿಟ್ಟುಕೊಳ್ಳಿ. ಪಕ್ಕದ ಕೋಣೆಯಲ್ಲಿರುವ ತಂಗಿ ತನ್ನ ಲ್ಯಾಪ್‌ಟಾಪಿನಿಂದ ಕ್ಷಣಾರ್ಧದಲ್ಲಿ ಆಟದೊಳಗೆ ಬರುತ್ತಾಳೆ. ಅಣ್ಣ ತಂಗಿ ಸೇರಿ ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ಕೋಟೆ ಕಟ್ಟುತ್ತಾರೆ. ಆದರೆ ಯಲಹಂಕ ಉಪನಗರದಲ್ಲಿರುವ ಸಹಪಾಠಿ ಎಷ್ಟು ಸಲ ಪ್ರಯತ್ನಿಸಿದರೂ ಅವನ ಪರದೆಯ ಮೇಲೆ ಮೂಡುವುದು ಒಂದೇ ಉತ್ತರ: ಸಂಪರ್ಕ ಸಾಧ್ಯವಿಲ್ಲ.

ಅದೇ ಸಹಪಾಠಿಯ ಮನೆಗೆ ಅದೇ ಸಂಜೆ ವಿದೇಶದ ಯಾವುದೋ ಕಂಪ್ಯೂಟರಿನಿಂದ ಇಡೀ ಸಿನಿಮಾ ಅಡೆತಡೆಯಿಲ್ಲದೆ ಹರಿದು ಬರುತ್ತಿರುತ್ತದೆ. ಸಾವಿರಾರು ಮೈಲಿಯಾಚೆಯದು ಸುಲಭ. ಹೆಬ್ಬಾಳದ ಮೇಲ್ಸೇತುವೆ ದಾಟಿ ಗೆಳೆಯನ ಮನೆ ಮುಟ್ಟುವುದು ಕಷ್ಟ! ಇದೇಕೆ ಹೀಗೆ?

ಈ ತೊಡಕಿಗೆ ‘ಪೋರ್ಟ್ ಫಾರ್ವರ್ಡಿಂಗ್’ ಎಂಬ ಪರಿಹಾರವಿದೆ. ಬಲ್ಲವರಿಗೆ ಅದು ಹತ್ತು ನಿಮಿಷದ ಕೆಲಸ. ಆದರೆ ಇಂದು ನಗರದ ಎಷ್ಟೋ ಮನೆಗಳಲ್ಲಿ ಆ ಕೆಲಸವನ್ನು ಚಾಚೂ ತಪ್ಪದೆ ಮಾಡಿದರೂ ಫಲ ಸಿಗುವುದಿಲ್ಲ. ಅದಕ್ಕೆ ಕಾರಣ ಹುಡುಗನ ಅಜ್ಞಾನವಲ್ಲ. ಅಂತರಜಾಲದಲ್ಲಿ ಮನೆ ನಂಬರುಗಳೇ ಮುಗಿದುಹೋಗಿರುವುದು ಕಾರಣ.

429 ಕೋಟಿ ಮನೆ ನಂಬರು

ಅಂತರಜಾಲದ ವ್ಯವಹಾರವನ್ನು ಅಂಚೆಗೆ ಹೋಲಿಸಬಹುದು. ಕಳಿಸುವ ಮಾತು, ಚಿತ್ರ, ಆಟದ ನಡೆ ಎಲ್ಲವೂ ಸಣ್ಣ ಸಣ್ಣ ಲಕೋಟೆಗಳಾಗಿ ಸಾಗುತ್ತವೆ. ಪ್ರತಿ ಲಕೋಟೆಯ ಮೇಲೂ ಕಳಿಸಿದವರ ವಿಳಾಸ ಮತ್ತು ತಲುಪಬೇಕಾದವರ ವಿಳಾಸ ಎರಡೂ ಇರಬೇಕು. ಇದೇ ಐಪಿ ವಿಳಾಸ.

1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿ, ಸೊನ್ನೆ ಮತ್ತು ಒಂದುಗಳ 32 ಸ್ಥಾನಗಳಲ್ಲಿ ಈ ವಿಳಾಸವನ್ನು ಬರೆಯಬೇಕೆಂದು ಗೊತ್ತುಪಡಿಸಿತು. ಲೆಕ್ಕ ಹಾಕಿದರೆ ಒಟ್ಟು 429 ಕೋಟಿ 49 ಲಕ್ಷದಷ್ಟು ವಿಳಾಸಗಳು. ಆಗಿನ ವಿಶ್ವದ ಜನಸಂಖ್ಯೆಯೇ ಸುಮಾರು 450 ಕೋಟಿ. ತಲೆಗೊಂದು ವಿಳಾಸವೂ ಇರಲಿಲ್ಲ. ಆದರೂ ಯಾರಿಗೂ ಅದು ಕೊರತೆ ಎನಿಸಲಿಲ್ಲ. ಆ ಕಾಲದ ಕಂಪ್ಯೂಟರು ವಿಶ್ವವಿದ್ಯಾಲಯಗಳಲ್ಲಿ, ಸೇನೆಯ ಕಚೇರಿಗಳಲ್ಲಿ ಕೋಣೆ ತುಂಬ ಕುಳಿತ ಯಂತ್ರ. ಅದು ಅಡುಗೆಮನೆಗೆ, ಅಂಗಿಯ ಜೇಬಿಗೆ ಬರುತ್ತದೆಂದು ಎಣಿಸಿದವರು ವಿರಳ.

ಉತ್ತರ ಬೆಂಗಳೂರಿಗೂ ಈ ಕಥೆಯಲ್ಲಿ ಹಳೆಯ ಪಾಲಿದೆ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನೊಂದಿಗೆ ‘ಅರ್ನೆಟ್’ ಎಂಬ ಶೈಕ್ಷಣಿಕ ಜಾಲವನ್ನು ಆರಂಭಿಸಿದಾಗ ಅದರಲ್ಲಿ ಭಾಗಿಯಾದ ಎಂಟು ಸಂಸ್ಥೆಗಳಲ್ಲಿ ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಊರಿನವರ ಬಾಯಲ್ಲಿ ಇಂದಿಗೂ ಅದು ‘ಟಾಟಾ ಇನ್‌ಸ್ಟಿಟ್ಯೂಟ್’. ಸಾಮಾನ್ಯ ಜನರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸೇವೆ ಆರಂಭಿಸಿದ ಬಳಿಕ.

ಆಗ ಎರಡು ಬಗೆಯ ಖಾತೆಗಳಿದ್ದವು. ‘ಶೆಲ್’ ಖಾತೆ ಅಗ್ಗ. ಅದರಲ್ಲಿ ಚಂದಾದಾರನ ಕಂಪ್ಯೂಟರು ನಿಗಮದ ದೊಡ್ಡ ಕಂಪ್ಯೂಟರಿಗೆ ಬರೀ ಕಿಟಕಿಯಾಗಿತ್ತು, ಸ್ವಂತ ವಿಳಾಸವಿರಲಿಲ್ಲ. ‘ಟಿಸಿಪಿ-ಐಪಿ’ ಖಾತೆ ದುಬಾರಿ. ಅದು ಸಂಪರ್ಕ ಇರುವಷ್ಟು ಹೊತ್ತು ಸ್ವಂತ ವಿಳಾಸ ಕೊಡುತ್ತಿತ್ತು. ಅಂದರೆ ಈ ನಾಡಿನಲ್ಲಿ ಅಂತರಜಾಲ ಕಾಲಿಟ್ಟ ದಿನದಿಂದಲೇ ಸ್ವಂತ ವಿಳಾಸಕ್ಕೆ ಬೇರೆ ಬೆಲೆ ಇತ್ತು.

ವಠಾರದ ಉಪಾಯ

ಅಷ್ಟು ಹೊತ್ತಿಗಾಗಲೇ ವಿಳಾಸಗಳು ಸಾಲವು ಎಂಬ ಕಳವಳ ತಜ್ಞರನ್ನು ಕಾಡತೊಡಗಿತ್ತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು ತಜ್ಞರು ಒಂದು ತಾತ್ಕಾಲಿಕ ಉಪಾಯ ಸೂಚಿಸಿದರು. ಅದರ ಹೆಸರು ‘ನ್ಯಾಟ್’, ಅಂದರೆ ವಿಳಾಸ ಬದಲಾವಣೆ. ಹೆಸರು ಹೊಸದು, ಆದರೆ ಹಳೆಯ ಬೆಂಗಳೂರಿನ ವಠಾರಗಳನ್ನು ಕಂಡವರಿಗೆ ಸಂಗತಿ ಹೊಸದಲ್ಲ.

ವಠಾರಕ್ಕೆ ಬೀದಿಯ ಕಡೆ ಒಂದೇ ಬಾಗಿಲು, ಒಂದೇ ಡೋರ್ ನಂಬರು. ಒಳಗೆ ಎಂಟೋ ಹತ್ತೋ ಸಂಸಾರ. ಅವರವರಲ್ಲಿ ಒಂದನೇ ಮನೆ, ಎರಡನೇ ಮನೆ ಎಂಬ ಲೆಕ್ಕ. ಆದರೆ ‘ಎರಡನೇ ಮನೆ’ ಎಂದಷ್ಟೇ ಬರೆದ ಕಾಗದ ಯಾವ ಅಂಚೆಯಣ್ಣನಿಗೂ ಅರ್ಥವಾಗದು. ಅಂಥ ಎರಡನೇ ಮನೆಗಳು ಊರಿನ ಎಲ್ಲ ವಠಾರಗಳಲ್ಲೂ ಇವೆ. ಹೊರಜಗತ್ತಿಗೆ ಗೊತ್ತಿರುವುದು ಬೀದಿ ಬಾಗಿಲಿನ ನಂಬರು ಮಾತ್ರ.

ಇಂದಿನ ಮನೆಗಳಲ್ಲಿ ದೀಪ ಮಿಣುಕಿಸುತ್ತ ಗೋಡೆಗೆ ನೇತಾಡುವ ರೂಟರ್ ಪೆಟ್ಟಿಗೆಯೇ ಆ ಬೀದಿ ಬಾಗಿಲು. ಮನೆಯ ಕಂಪ್ಯೂಟರ್, ಮೊಬೈಲ್, ಟೀವಿಗಳು ಒಳಗಿನ ಸಂಸಾರಗಳು. ಅವುಗಳಿಗೆ ರೂಟರು 192.168 ಎಂದು ಮೊದಲಾಗುವ ಒಳವಿಳಾಸ ಹಂಚುತ್ತದೆ. 1996ರ ಫೆಬ್ರವರಿಯಲ್ಲಿ ಹೊರಟ ನಿಯಮದಂತೆ ಇಂಥ ಕೆಲವು ಸರಣಿಗಳು ಒಳಬಳಕೆಗೇ ಮೀಸಲು. ಆರ್.ಟಿ. ನಗರದ ಮನೆಯಲ್ಲಿ 192.168.1.50 ಇದ್ದರೆ ಯಲಹಂಕದ ಮನೆಯಲ್ಲೂ ಅದೇ ಇರಬಹುದು. ಒಂದಕ್ಕೊಂದು ತಗಾದೆಯಿಲ್ಲ.

ಒಳಗಿನವರು ಹೊರಗೆ ಕಾಗದ ಬರೆದಾಗ ಬಾಗಿಲಲ್ಲಿರುವ ರೂಟರು ಒಳವಿಳಾಸ ಅಳಿಸಿ ಬೀದಿ ಬಾಗಿಲಿನ ನಂಬರು ಬರೆಯುತ್ತದೆ. ಯಾವ ಮನೆಯಿಂದ ಎಲ್ಲಿಗೆ ಹೋಯಿತೆಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದ ಮನೆಗೆ ತಲುಪಿಸುತ್ತದೆ. ಸಿನಿಮಾ ನೋಡುವಾಗ ನಡೆಯುವುದು ಇದೇ. ಕೇಳಿದ್ದು ಒಳಗಿನವರು, ಬಂದದ್ದು ಉತ್ತರ.

ಆದರೆ ಯಲಹಂಕದ ಸಹಪಾಠಿಯ ಲಕೋಟೆ ಯಾರಿಗೂ ಉತ್ತರವಲ್ಲ. ಅದು ತಾನಾಗಿ ಬಂದ ಅತಿಥಿ. ಪುಸ್ತಕದಲ್ಲಿ ಅದರ ಗುರುತಿಲ್ಲ. ಯಾವ ಮನೆಗೆ ಒಯ್ಯಬೇಕೆಂದು ರೂಟರಿಗೆ ತಿಳಿಯದು. ಆದ್ದರಿಂದ ಅದನ್ನು ಬಿಸಾಡುತ್ತದೆ. ತಂಗಿಗೆ ಈ ತೊಂದರೆ ಇಲ್ಲ. ಅವಳು ವಠಾರದ ಒಳಗಿನವಳೇ. 2000ದ ದಶಕದ ಮೊದಲ ವರ್ಷಗಳಲ್ಲಿ ಸೈಬರ್ ಸೆಂಟರುಗಳಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ‘ಕೌಂಟರ್ ಸ್ಟ್ರೈಕ್’ ಆಡಿದ ತಲೆಮಾರಿಗೂ ಪೋರ್ಟಿನ ಗೊಡವೆ ಇರಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಜಾಲದಲ್ಲಿ ಕುಳಿತು ಆಡುತ್ತಿದ್ದರು.

ಬಾಗಿಲಿಗೊಂದು ಹೆಸರು

ಕೆಂಪೇಗೌಡರು ಕಟ್ಟಿಸಿದ ಪೇಟೆಯ ಕೋಟೆಗೆ ಉತ್ತರ ದಿಕ್ಕಿನಲ್ಲಿ ಯಲಹಂಕ ಬಾಗಿಲು ಇತ್ತು. ಪೂರ್ವದ ಹಲಸೂರು ಬಾಗಿಲಿನ ಹೆಸರು ಪೊಲೀಸ್ ಠಾಣೆಯ ರೂಪದಲ್ಲಿ ಇಂದಿಗೂ ಉಳಿದಿದೆ. ಯಾವ ಊರಿನ ದಾರಿಗೆ ಮುಖಮಾಡಿದೆಯೋ ಬಾಗಿಲಿಗೆ ಆ ಊರಿನ ಹೆಸರು. ಕಂಪ್ಯೂಟರಿನ ‘ಪೋರ್ಟ್’ ಕೂಡ ಇಂಥ ಬಾಗಿಲೇ. ಹೆಸರಿನ ಬದಲು ಅದಕ್ಕೆ ಅಂಕಿ, 0ರಿಂದ 65,535ರವರೆಗೆ. ಭದ್ರತೆಯುಳ್ಳ ವೆಬ್ ಪುಟಗಳಿಗೆ 443, ಅಂಚೆ ಸಾಗಣೆಗೆ 25 ಎಂದು ರೂಢಿಯಾಗಿದೆ. ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯ ಸರ್ವರ್ ಸಾಮಾನ್ಯವಾಗಿ 25565ನೇ ಬಾಗಿಲಲ್ಲಿ ಅತಿಥಿಗಳಿಗಾಗಿ ಕಾಯುತ್ತದೆ.

ಪೋರ್ಟ್ ಫಾರ್ವರ್ಡಿಂಗ್ ಎಂದರೆ ವಠಾರದ ಬೀದಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ ಹಾಗೆ: ‘25565 ಎಂದು ಕೇಳಿಕೊಂಡು ಯಾರಾದರೂ ಬಂದರೆ ಐವತ್ತನೇ ಮನೆಗೆ ಕಳಿಸಿ.’ ಚೀಟಿ ಇದ್ದರೆ ಪುಸ್ತಕದಲ್ಲಿ ಗುರುತು ಇರಬೇಕಾದ್ದಿಲ್ಲ.

ಕ್ರಮ ಹೀಗಿದೆ. ಮೊದಲು ಸರ್ವರ್ ಇರುವ ಕಂಪ್ಯೂಟರಿನ ಒಳವಿಳಾಸ ಬದಲಾಗದಂತೆ ಕಾಯ್ದಿರಿಸಬೇಕು. ರೂಟರು ತಾನೇ ವಿಳಾಸ ಹಂಚುವುದರಿಂದ, ಇಂದು 50 ಇದ್ದದ್ದು ನಾಳೆ 53 ಆದರೆ ಚೀಟಿ ಸುಳ್ಳಾಗುತ್ತದೆ. ಎರಡನೆಯದಾಗಿ, ಕಂಪ್ಯೂಟರಿನಲ್ಲಿ ರೂಟರಿನ ವಿಳಾಸ (ಹೆಚ್ಚಾಗಿ 192.168.1.1 ಅಥವಾ 192.168.0.1) ಬರೆದು ಅದರ ಹೊಂದಾಣಿಕೆಯ ಪುಟ ತೆರೆಯಬೇಕು. ಪೋರ್ಟ್ ಫಾರ್ವರ್ಡಿಂಗ್ ಅಥವಾ ವರ್ಚುಯಲ್ ಸರ್ವರ್ ಎಂಬ ಜಾಗದಲ್ಲಿ ಹೊರಪೋರ್ಟ್ 25565, ಒಳಪೋರ್ಟ್ 25565, ಒಳವಿಳಾಸ 192.168.1.50, ಸಾಗಣೆಯ ಬಗೆ ಟಿಸಿಪಿ ಎಂದು ತುಂಬಬೇಕು. ಮೊಬೈಲಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗಾದರೆ ಪೋರ್ಟ್ 19132, ಬಗೆ ಯುಡಿಪಿ. ಇವೆರಡನ್ನು ಅದಲುಬದಲು ಮಾಡುವುದು ಹೊಸಬರ ಸಾಮಾನ್ಯ ತಪ್ಪು.

ಮೂರನೆಯದಾಗಿ, ಕಂಪ್ಯೂಟರಿನ ಒಳಗಿನ ಫೈರ್‌ವಾಲ್ ಆಟದ ಸರ್ವರಿಗೆ ಅನುಮತಿ ಕೊಡಬೇಕು. ಬೀದಿ ಬಾಗಿಲು ತೆರೆದರೂ ಮನೆ ಬಾಗಿಲಿಗೆ ಅಗುಳಿ ಹಾಕಿದ್ದರೆ ಪ್ರಯೋಜನವಿಲ್ಲ. ಕೊನೆಗೆ ಪರೀಕ್ಷೆ. ಇದನ್ನು ಮನೆಯ ವೈಫೈನಿಂದ ಮಾಡಬಾರದು. ಕೆಲವು ರೂಟರುಗಳು ಒಳಗಿದ್ದುಕೊಂಡೇ ಹೊರವಿಳಾಸ ಕೇಳಿದವರನ್ನು ಹಿಂದಕ್ಕೆ ಒಳಗೆ ಬಿಡುವುದಿಲ್ಲ. ಮೊಬೈಲ್ ಡೇಟಾ ಬಳಸಿ ಹೊರಗಿನವರಂತೆ ಬಾಗಿಲು ತಟ್ಟಿ ನೋಡುವುದು ಸರಿಯಾದ ವಿಧಾನ.

2005ರಲ್ಲಿ ಬಿಎಸ್ಸೆನ್ನೆಲ್‌ನ ‘ಡೇಟಾ ಒನ್’ ಬ್ರಾಡ್‌ಬ್ಯಾಂಡ್ ಬಂದ ಕಾಲದಲ್ಲಿ ಇಷ್ಟು ಮಾಡಿದರೆ ಬಹಳ ಮಟ್ಟಿಗೆ ಸಾಕಾಗುತ್ತಿತ್ತು. ಮನೆಯ ಮೋಡೆಮಿಗೆ ನೇರವಾಗಿ ಹೊರವಿಳಾಸವೇ ಸಿಗುತ್ತಿತ್ತು. ಕರೆಂಟ್ ಹೋಗಿ ಬಂದರೆ ಹೊಸ ವಿಳಾಸ ಬರುವುದು ಒಂದು ಕಿರಿಕಿರಿ, ಅಷ್ಟೆ. ಬದಲಾಗುವ ವಿಳಾಸವನ್ನು ಒಂದು ಸ್ಥಿರ ಹೆಸರಿಗೆ ಜೋಡಿಸುವ ‘ಡೈನಮಿಕ್ ಡಿಎನ್‌ಎಸ್’ ಸೇವೆ ಆ ಕಿರಿಕಿರಿಗೂ ಮದ್ದಾಗಿತ್ತು.

ವಠಾರದ ಹೊರಗೊಂದು ಗೇಟು

ಪರಿಸ್ಥಿತಿ ಬದಲಾದದ್ದು 2011ರಲ್ಲಿ. ಆ ವರ್ಷದ ಫೆಬ್ರವರಿ 3ರಂದು ಜಾಗತಿಕ ಕಣಜದಲ್ಲಿ ಉಳಿದಿದ್ದ ಕೊನೆಯ ವಿಳಾಸ ಕಟ್ಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಕೈತೊಳೆದುಕೊಳ್ಳಲಾಯಿತು. ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯ ಏಪ್ರಿಲ್ 15ರ ವೇಳೆಗೇ ತನ್ನ ಕೊನೆಯ ಕಟ್ಟಿಗೆ ಕೈಹಾಕಿ ಪಡಿತರ ಶುರುಮಾಡಿತು. ಐದರಲ್ಲಿ ಮೊದಲು ಬರಿದಾದ ವಲಯ ಇದೇ. ಅಂತರಜಾಲಕ್ಕೆ ಮೊದಲು ಬಂದ ದೇಶಗಳು ಬೇಕಾದಷ್ಟು ವಿಳಾಸ ಬಾಚಿಕೊಂಡಿದ್ದವು. ತಡವಾಗಿ ಬಂದ ಜನಬಹುಳ ದೇಶಗಳ ಪಾಲಿಗೆ ಉಳಿದದ್ದು ಅಡಿಗಂಟು.

ಸೇವಾ ಕಂಪನಿಗಳು ಆಗ ವಠಾರದ ಉಪಾಯವನ್ನೇ ಬೀದಿಗೆ, ಬಡಾವಣೆಗೆ ವಿಸ್ತರಿಸಿದವು. ಯಲಹಂಕ, ಹೆಬ್ಬಾಳದ ಕಡೆ ಎದ್ದಿರುವ ಅಪಾರ್ಟ್‌ಮೆಂಟ್ ಸಮುಚ್ಚಯಗಳನ್ನು ನೆನೆಯಿರಿ. ಪ್ರತಿ ಮನೆಗೂ ಬಾಗಿಲಿದೆ, ನಿಜ. ಆದರೆ ಅದಕ್ಕೂ ಮೊದಲು ಮುಖ್ಯ ಗೇಟಿನಲ್ಲಿ ಸೆಕ್ಯುರಿಟಿಯವರಿದ್ದಾರೆ. ಮನೆ ಬಾಗಿಲಿಗೆ ಎಷ್ಟೇ ಚೀಟಿ ಅಂಟಿಸಿದರೂ ಗೇಟಿನವರಿಗೆ ಸೂಚನೆ ಇಲ್ಲದಿದ್ದರೆ ಅತಿಥಿ ಅಲ್ಲಿಂದಲೇ ವಾಪಸು. ಕಂಪನಿಯ ಮಟ್ಟದ ಈ ಎರಡನೇ ಗೇಟಿಗೆ ‘ಸಿಜಿ-ನ್ಯಾಟ್’ ಎಂದು ಹೆಸರು. ನೂರಾರು ಮನೆಗಳು ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುವ ಈ ವ್ಯವಸ್ಥೆಗೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರವರೆಗಿನ ಸರಣಿಯನ್ನು ಮೀಸಲಿಡಲಾಯಿತು.

ಹುಡುಗನ ಚೀಟಿ ಸೋತದ್ದು ಇಲ್ಲಿ. ಮನೆಯ ರೂಟರಿನ ಕೀಲಿಕೈ ಅವನ ಬಳಿ ಇದೆ. ಕಂಪನಿಯ ಗೇಟಿನದು ಇಲ್ಲ.

ತಮ್ಮ ಮನೆ ಯಾವ ಬಗೆಯದೆಂದು ತಿಳಿಯುವುದು ಕಷ್ಟವಲ್ಲ. ರೂಟರಿನ ಪುಟದಲ್ಲಿ ‘ವ್ಯಾನ್’ ಎಂಬಲ್ಲಿ ಕಾಣುವ ವಿಳಾಸವನ್ನೂ, ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಹೊರಗಿನ ತಾಣ ಹೇಳುವ ವಿಳಾಸವನ್ನೂ ಹೋಲಿಸಬೇಕು. ಎರಡೂ ಒಂದೇ ಆಗಿದ್ದರೆ ಮನೆಗೆ ಸ್ವಂತ ವಿಳಾಸವಿದೆ. ಬೇರೆಯಾಗಿದ್ದು, ವ್ಯಾನ್ ವಿಳಾಸ 10 ಎಂದೋ ಮೇಲಿನ 100ರ ಸರಣಿಯಲ್ಲೋ ಮೊದಲಾದರೆ ಮುಂದೆ ಇನ್ನೊಂದು ಗೇಟಿದೆ ಎಂದೇ ತಿಳಿಯಬೇಕು.

ಹಳಬರಿಗೆ ಇದು ‘ಪಿ.ಪಿ. ನಂಬರಿನ’ ಕಾಲವನ್ನು ನೆನಪಿಸೀತು. ಟೆಲಿಫೋನಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ಜನ ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆಯ ಕರೆಯೋಲೆಯಲ್ಲಿ ನೆರೆಮನೆಯ ಫೋನ್ ನಂಬರು ಅಚ್ಚುಹಾಕಿಸಿ ಪಕ್ಕದಲ್ಲಿ ಪಿ.ಪಿ. ಎಂದು ಸೇರಿಸುತ್ತಿದ್ದರು. ಕರೆ ಬಂದರೆ ನೆರೆಮನೆಯವರು ಕೂಗಿ ಕರೆಯಬೇಕು. ಅವರ ಮನೆಗೆ ಬೀಗ ಬಿದ್ದರೆ ಊರಿಗೆಲ್ಲ ಇವರು ಇಲ್ಲವಾದಂತೆ.

ಆಟಕ್ಕಷ್ಟೇ ಸೀಮಿತವಲ್ಲ

ಇದೆಲ್ಲ ಆಟದ ಹುಡುಗರ ರಗಳೆ ಎಂದು ದೊಡ್ಡವರು ತಳ್ಳಿಹಾಕುವಂತಿಲ್ಲ. ಹೆಬ್ಬಾಳದ ಮನೆಯ ಬಾಗಿಲಿಗೆ ಹಾಕಿಸಿದ ಕ್ಯಾಮೆರಾವನ್ನು ಯಶವಂತಪುರದ ಕಚೇರಿಯಿಂದ ಮೊಬೈಲಿನಲ್ಲಿ ನೋಡುವವರು ಬೇಕಾದಷ್ಟಿದ್ದಾರೆ. ಮನೆ ಮತ್ತು ಕಚೇರಿಯ ನಡುವೆ ನೇರ ದಾರಿ ಇಲ್ಲದಾಗ ಕ್ಯಾಮೆರಾ ತಾನೇ ಹೊರಗಿನ ಕಂಪನಿಯೊಂದರ ಸರ್ವರಿಗೆ ಕರೆ ಮಾಡುತ್ತದೆ. ಮೊಬೈಲೂ ಅದೇ ಸರ್ವರಿಗೆ ಕರೆ ಮಾಡುತ್ತದೆ. ಇಬ್ಬರೂ ಭೇಟಿಯಾಗುವುದು ಮೂರನೆಯವರ ಅಂಗಳದಲ್ಲಿ. ದೊಡ್ಡ ಕಂಪನಿಗಳ ಮೊಬೈಲ್ ಆಟಗಳೂ ಹೀಗೆಯೇ ನಡೆಯುವುದರಿಂದ ಬಹುಪಾಲು ಜನರಿಗೆ ಗೇಟಿನ ಇರವೇ ತಿಳಿಯುವುದಿಲ್ಲ.

ಅನುಕೂಲವೇನೋ ಹೌದು. ಆದರೆ ಆ ಅಂಗಳದ ಬಾಡಿಗೆ, ನಿಯಮ, ಮುಚ್ಚುವ ದಿನ ಎಲ್ಲವೂ ಮೂರನೆಯವರ ಕೈಯಲ್ಲಿ. ಅಂತರಜಾಲದ ಮೂಲ ಕಲ್ಪನೆ ಹೀಗಿರಲಿಲ್ಲ. ವಿಳಾಸ ಪಡೆದ ಯಾವ ಕಂಪ್ಯೂಟರೂ ಅತಿಥಿಯೂ ಆಗಬಹುದು, ಆತಿಥೇಯನೂ ಆಗಬಹುದು ಎಂಬುದು ಅದರ ಬುನಾದಿ. ವಿಳಾಸದ ಬರ ಮನೆಗಳನ್ನು ಕೇವಲ ಅತಿಥಿಗಳನ್ನಾಗಿ ಉಳಿಸಿದೆ.

ಹಂಚಿಕೆಯ ವಿಳಾಸಕ್ಕೆ ಇನ್ನೊಂದು ಮುಖವೂ ಇದೆ. ಒಬ್ಬನ ಕಿಡಿಗೇಡಿತನಕ್ಕೆ ಯಾವುದಾದರೂ ತಾಣ ಆ ವಿಳಾಸವನ್ನೇ ನಿಷೇಧಿಸಿದರೆ ಉಳಿದ ಮನೆಗಳೂ ಹೊರಗೆ. ತಪ್ಪಿತಸ್ಥರನ್ನು ಹುಡುಕುವ ಪೊಲೀಸರಿಗೂ ತೊಡಕು. ವಿಳಾಸವೊಂದೇ ಸಾಲದು, ಪೋರ್ಟಿನ ಅಂಕಿ ಮತ್ತು ಕರಾರುವಾಕ್ಕಾದ ಸಮಯವೂ ಬೇಕು. 2017ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಈ ಬಗ್ಗೆ ಬಹಿರಂಗವಾಗಿಯೇ ಆತಂಕ ವ್ಯಕ್ತಪಡಿಸಿತ್ತು.

ತೆರೆದ ಬಾಗಿಲಿನ ಅಪಾಯ

ಹಾಗೆಂದು ಬಾಗಿಲು ತೆರೆಯುವುದು ನಿರಪಾಯಕರವೂ ಅಲ್ಲ. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಅರವತ್ತರಷ್ಟು ಸಿದ್ಧ ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯೋಗಿಸಿ ಮನೆಗಳ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದವರು ಬಲಿಯಾದರು. ಅದನ್ನು ಹೆಣೆದ ಅಮೆರಿಕದ ಮೂವರು ಯುವಕರು 2017ರ ಡಿಸೆಂಬರಿನಲ್ಲಿ ತಪ್ಪೊಪ್ಪಿಕೊಂಡರು. ಸ್ವಾರಸ್ಯವೆಂದರೆ, ಆ ಕೃತ್ಯದ ಬೇರು ಮೈನ್‌ಕ್ರಾಫ್ಟ್ ಸರ್ವರುಗಳ ಮಾಲೀಕರ ನಡುವಿನ ವ್ಯಾಪಾರ ಪೈಪೋಟಿಯಲ್ಲಿತ್ತು. ಅದರ ಸೂತ್ರ ಬಯಲಾದ ಮೇಲೆ 2016ರ ಅಕ್ಟೋಬರ್ 21ರಂದು ನಡೆದ ದಾಳಿಗೆ ಟ್ವಿಟರಿನಂಥ ತಾಣಗಳೇ ಗಂಟೆಗಟ್ಟಲೆ ತತ್ತರಿಸಿದವು.

2021ರ ಡಿಸೆಂಬರಿನಲ್ಲಿ ಮತ್ತೊಂದು ಪಾಠ. ಜಾವಾ ತಂತ್ರಾಂಶಗಳು ದಿನಚರಿ ಬರೆದಿಡಲು ಬಳಸುವ ‘ಲಾಗ್4ಜೆ’ ಎಂಬ ಬಿಡಿಭಾಗದಲ್ಲಿ ದೊಡ್ಡ ದೋಷ ಬೆಳಕಿಗೆ ಬಂತು. ಆಟದ ನಡುವೆ ಹರಟೆಯ ಜಾಗದಲ್ಲಿ ಒಂದು ಸಾಲು ಬರೆದರೆ ಸಾಕು, ಮೈನ್‌ಕ್ರಾಫ್ಟ್ ಸರ್ವರ್ ಇರುವ ಕಂಪ್ಯೂಟರೇ ಪರರ ವಶವಾಗಬಹುದಿತ್ತು. ಆಟದ ಕಂಪನಿ ಕೂಡಲೇ ತಿದ್ದುಪಡಿ ಹೊರಡಿಸಿತು. ಅದನ್ನು ಹಾಕಿಕೊಂಡವರು ಪಾರಾದರು. ಹಾಕಿಕೊಳ್ಳದವರ ತೆರೆದ ಬಾಗಿಲು ಅಪಾಯದ ಬಾಗಿಲಾಯಿತು.

ಆದ್ದರಿಂದ ಬಲ್ಲವರ ಸಲಹೆ ಸರಳ. ಬೇಕಾದ ಒಂದೇ ಪೋರ್ಟ್ ತೆರೆಯಿರಿ. ‘ಡಿಎಂಜಡ್’ ಎಂಬ ಆಯ್ಕೆ ಒತ್ತಿ ಇಡೀ ಕಂಪ್ಯೂಟರನ್ನು ಬೀದಿಗಿಡಬೇಡಿ. ರೂಟರಿನ ಪಾಸ್‌ವರ್ಡ್ ಬದಲಿಸಿ. ಗೊತ್ತಿರುವ ಆಟಗಾರರ ಹೆಸರುಗಳನ್ನಷ್ಟೇ ಅನುಮತಿ ಪಟ್ಟಿಗೆ ಸೇರಿಸಿ. ಸರ್ವರಿನ ಹೊಸ ತಿದ್ದುಪಡಿಗಳನ್ನು ತಪ್ಪದೆ ಹಾಕಿಕೊಳ್ಳಿ. ರಜೆ ಮುಗಿದು ಆಟ ನಿಂತರೆ ಚೀಟಿಯನ್ನೂ ಕಿತ್ತುಹಾಕಿ.

ಪ್ರತಿ ಮನೆಗೂ ನಂಬರು

ಎರಡನೇ ಗೇಟಿನ ಹಿಂದೆ ಸಿಕ್ಕಿಕೊಂಡವರಿಗೆ ದಾರಿಗಳಿಲ್ಲದಿಲ್ಲ. ಹಲವು ಸೇವಾ ಕಂಪನಿಗಳು ಹೆಚ್ಚುವರಿ ಶುಲ್ಕಕ್ಕೆ ಮನೆಗೆ ಸ್ಥಿರ ಹೊರವಿಳಾಸ ಕೊಡುತ್ತವೆ, ಕೇಳಿ ಪಡೆಯಬೇಕು. ಬೇರೆಡೆ ಬಾಡಿಗೆ ಸರ್ವರ್ ಹಿಡಿಯಬಹುದು, ಅಥವಾ ಗೆಳೆಯರ ಕಂಪ್ಯೂಟರುಗಳನ್ನು ಒಂದೇ ಖಾಸಗಿ ಜಾಲಕ್ಕೆ ಹೊಲಿಯುವ ವಿಪಿಎನ್ ತಂತ್ರಾಂಶ ಬಳಸಬಹುದು. ಆದರೆ ಇವೆಲ್ಲ ಬರಗಾಲದ ಏರ್ಪಾಡುಗಳು.

ನಿಜವಾದ ಪರಿಹಾರ 1995ರ ಡಿಸೆಂಬರಿನಲ್ಲೇ ಕಾಗದದ ಮೇಲೆ ಸಿದ್ಧವಾಗಿತ್ತು. ಅದು ಐಪಿಯ ಆರನೆಯ ಆವೃತ್ತಿ. ವಿಳಾಸಕ್ಕೆ 32ರ ಬದಲು 128 ಸ್ಥಾನ. ಒಟ್ಟು ವಿಳಾಸಗಳೆಷ್ಟೆಂದರೆ 34ರ ಮುಂದೆ 37 ಸೊನ್ನೆ ಹಾಕಿದಷ್ಟು. ಮನೆಯ ಪ್ರತಿ ಉಪಕರಣಕ್ಕೂ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸ್ವಂತ ನಂಬರು. ವಠಾರದ ಹಂಚಿಕೆಯೇ ಬೇಕಿಲ್ಲ. 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊ ಈ ಹೊಸ ಆವೃತ್ತಿಯನ್ನು ಮೊದಲಿನಿಂದಲೇ ದೊಡ್ಡ ಪ್ರಮಾಣದಲ್ಲಿ ಅಳವಡಿಸಿತು. ವಿಳಾಸದ ಬರದಲ್ಲಿ ಬೆಂದ ಭಾರತ ಇಂದು ಆರನೆಯ ಆವೃತ್ತಿಯ ಬಳಕೆಯಲ್ಲಿ ಜಗತ್ತಿನ ಮುಂಚೂಣಿ ದೇಶಗಳಲ್ಲಿ ಒಂದು.

ಹೊಸ ಆವೃತ್ತಿಯಲ್ಲೂ ರೂಟರಿನ ಫೈರ್‌ವಾಲ್ ಅಪರಿಚಿತರನ್ನು ತಡೆಯುತ್ತದೆ, ತಡೆಯಲೂಬೇಕು. ಹುಡುಗ ಅಲ್ಲಿಯೂ 25565ಕ್ಕೆ ಅನುಮತಿ ಬರೆಯಬೇಕು. ಇಬ್ಬರ ಮನೆಗೂ ಆರನೆಯ ಆವೃತ್ತಿಯ ಸಂಪರ್ಕ ಇರಬೇಕು. ಆದರೆ ಅನುಮತಿ ಕೊಡುವ, ಕೊಡದಿರುವ ಹಕ್ಕು ಆಗ ಮನೆಯವರದೇ. ದಾರಿಯಲ್ಲಿ ಬೇರೆಯವರ ಗೇಟಿಲ್ಲ.

ಆರ್.ಟಿ. ನಗರದ ಅಣ್ಣ ತಂಗಿ ಕಟ್ಟಿದ ಕೋಟೆಗೆ ಯಲಹಂಕದ ಕಡೆಗೊಂದು ಬಾಗಿಲು ಬೇಕು. ಐದು ಶತಮಾನದ ಹಿಂದೆ ಪೇಟೆಯ ಕೋಟೆ ಕಟ್ಟಿದವರು ಗೋಡೆಯ ಜೊತೆಗೇ ಬಾಗಿಲನ್ನೂ ಯೋಚಿಸಿದ್ದರು. ನಗರದ ಮನೆಮನೆಗೂ ಗಾಜಿನ ತಂತಿ ಎಳೆಯುತ್ತಿರುವವರೂ ಅದನ್ನು ಮರೆಯಬಾರದು.